ಎನ್‌ಎಫ್‌ಎಲ್ ಸೀಸನ್ ಬಂತು: ಅಮೆರಿಕನ್ ಫುಟ್‌ಬಾಲ್ ಅರ್ಥ ಮಾಡಿಕೊಂಡು ನೋಡೋಣ, ಹೆಂಗಸರೆಲ್ಲ ಬನ್ನಿ

ಮಲೆನಾಡಹುಡುಗಿ, ಮ್ಯಾಡಿಸನ್, ವಿಸ್ಕಾನ್ಸಿನ್
ಆಗಸ್ಟ್ 31, 2025

ಎಲ್ಲರಿಗೂ ನಮಸ್ಕಾರ. ಬರುವ ಗುರುವಾರ, ಸೆಪ್ಟೆಂಬರ್ 4ಕ್ಕೆ ಎನ್‌ಎಫ್‌ಎಲ್, ಅಂದರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್‌ನ ಹೊಸ ಸೀಸನ್ ಶುರು. ಮೊದಲ ಪಂದ್ಯ ಫಿಲಡೆಲ್ಫಿಯಾದಲ್ಲಿ. ಹೋದ ಫೆಬ್ರವರಿಯಲ್ಲಿ ಸೂಪರ್ ಬೌಲ್, ಅಂದರೆ ಈ ಲೀಗ್‌ನ ಫೈನಲ್ ಗೆದ್ದ ಈಗಲ್ಸ್ ಎದುರಿಗೆ ಡಲ್ಲಾಸ್ ಕೌಬಾಯ್ಸ್. ಇನ್ನು ಫೆಬ್ರವರಿವರೆಗೂ ಅಮೆರಿಕದಲ್ಲಿರುವ ನಮ್ಮ ಎಷ್ಟೋ ಮನೆಗಳಲ್ಲಿ ಭಾನುವಾರ ಅಂದರೆ ಇದೇ ಆಟ, ಸೋಮವಾರ ಆಫೀಸಿನಲ್ಲಿ ಇದೇ ಮಾತು.

ಯಾರದ್ದಾದರೂ ಮನೆಯಲ್ಲಿ ಸೂಪರ್ ಬೌಲ್ ಪಾರ್ಟಿ ಇದ್ದರೆ ಗಂಡಸರು ಮಕ್ಕಳು ಟಿವಿ ಮುಂದೆ, ನಾವು ಅಡುಗೆಮನೆಯ ಕಡೆ. ನಮಗೆ ಆಟ ಬೇಡ ಅಂತಲ್ಲ. ಯಾರೂ ಪಕ್ಕದಲ್ಲಿ ಕೂತು ಸಮಾಧಾನವಾಗಿ ಹೇಳಿಕೊಟ್ಟಿರುವುದಿಲ್ಲ, ಅಷ್ಟೇ. ಎನ್‌ಎಫ್‌ಎಲ್ ಅಭಿಮಾನಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಹೆಂಗಸರೇ ಇದ್ದಾರೆ. ನಾವೂ ಕೂತು ನೋಡೋಣ.

ನಾನು ಹೇಳುವುದು ಒಂದೇ. ಬಾಲ್ ಹಿಂದೆ ಕಣ್ಣು ಓಡಿಸಬೇಡಿ. ಮೊದಲು ಪರದೆಯಲ್ಲಿ ಸ್ಕೋರ್ ಪಕ್ಕ ಬರುವ ಎರಡು ಅಂಕಿ ನೋಡಿ. ಒಂದು ಡೌನ್ ಎಷ್ಟನೇದು ಅಂತ, ಇನ್ನೊಂದು ಇನ್ನೂ ಎಷ್ಟು ಯಾರ್ಡ್ ಹೋಗಬೇಕು ಅಂತ. ಈ ಎರಡು ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೈದಾನ 100 ಯಾರ್ಡ್ ಉದ್ದ, ಅಂದರೆ ಸುಮಾರು 91 ಮೀಟರ್. ಎರಡೂ ತುದಿಗೆ 10 ಯಾರ್ಡ್‌ನ ಎಂಡ್ ಝೋನ್ ಇರುತ್ತದೆ. ಒಂದೊಂದು ಕಡೆ 11 ಜನ. ಬಾಲ್ ಯಾರ ಹತ್ತಿರ ಇದೆಯೋ ಅವರು ಆಫೆನ್ಸ್, ತಡೆಯುವವರು ಡಿಫೆನ್ಸ್. ಒಂದೇ ತಂಡದಲ್ಲಿ ಎರಡಕ್ಕೂ ಬೇರೆ ಬೇರೆ ಆಟಗಾರರು. ಬಾಲ್ ಕೈ ಬದಲಾದಾಗೆಲ್ಲ ಒಂದು ಗುಂಪು ಹೊರಗೆ ಓಡಿ ಇನ್ನೊಂದು ಗುಂಪು ಒಳಗೆ ಬರುವುದು ಅದಕ್ಕೇ.

ಆಫೆನ್ಸ್‌ಗೆ 4 ಅವಕಾಶ. ಒಂದೊಂದು ಅವಕಾಶವೂ ಒಂದು ಡೌನ್. ಆ 4 ಡೌನ್ ಒಳಗೆ 10 ಯಾರ್ಡ್ ಮುಂದೆ ಹೋಗಬೇಕು. ಹೋದರೆ ಮತ್ತೆ ಹೊಸದಾಗಿ 4 ಡೌನ್. ಹೋಗದಿದ್ದರೆ ಬಾಲ್ ಎದುರಾಳಿಗೆ. ಕ್ರಿಕೆಟ್‌ನಲ್ಲಿ 4 ಎಸೆತಕ್ಕೆ 10 ರನ್ ಬೇಕು ಅನ್ನುವ ಸಂದರ್ಭ ನಮಗೆಲ್ಲ ಗೊತ್ತಲ್ವಾ? ಮೊದಲ ಎಸೆತಕ್ಕೇ 6 ಬಂದರೆ ಉಸಿರು ಸಲೀಸಾಗುತ್ತದೆ, 2 ಎಸೆತ ಸುಮ್ನೆ ಹೋದರೆ ಉಗುರು ಕಚ್ಚುತ್ತೇವೆ. ಇಲ್ಲೂ ಅದೇ ಲೆಕ್ಕ, ಆಟ ಪೂರ್ತಿ.

ಈಗ ಪರದೆಯಲ್ಲಿ ಮೂರನೇ ಡೌನ್, 8 ಯಾರ್ಡ್ ಅಂತ ಬಂತು ಅನ್ನಿ. ಹಿಂದಿನ ಎರಡು ಡೌನ್‌ನಲ್ಲಿ ಬರೀ 2 ಯಾರ್ಡ್ ಬಂದಿದೆ. ಇನ್ನು 8 ಬೇಕು. ಬಾಲ್ ಹಿಡಿದುಕೊಂಡು ಓಡಿದರೆ ಸಾಮಾನ್ಯವಾಗಿ ಅಷ್ಟು ಸಿಗುವುದಿಲ್ಲ. ಹಾಗಾದರೆ ಕ್ವಾರ್ಟರ್‌ಬ್ಯಾಕ್, ಅಂದರೆ ಆಫೆನ್ಸ್ ನಡೆಸುವವನು, ಬಾಲ್ ಎಸೆಯುತ್ತಾನೆ. ಇದು ಡಿಫೆನ್ಸ್‌ಗೂ ಗೊತ್ತು, ಅವರು ಅವನ ಮೇಲೆ ನುಗ್ಗುತ್ತಾರೆ. ಊರಿನ ತಂಡ ಡಿಫೆನ್ಸ್‌ನಲ್ಲಿದ್ದರೆ ಸ್ಟೇಡಿಯಂ ಪೂರ್ತಿ ಕೂಗುವುದೂ ಆಗಲೇ. ಎದುರಾಳಿ ಕ್ವಾರ್ಟರ್‌ಬ್ಯಾಕ್ ಹೇಳುವುದು ಅವನ ಕಡೆಯವರಿಗೇ ಕೇಳಿಸಬಾರದು ಅಂತ. ಅದೇ ಮೂರನೇ ಡೌನ್, 1 ಯಾರ್ಡ್ ಅಂತಿದ್ದರೆ ಚಿತ್ರವೇ ಬೇರೆ, ಬಾಲ್ ಹಿಡಿದುಕೊಂಡು ಓಡಿದರೂ ಸಾಕಾಗಬಹುದು.

ಟಿವಿಯಲ್ಲಿ ಕಾಣುವ ಹಳದಿ ಗೆರೆ ಇದೆಯಲ್ಲ, ಅಲ್ಲಿ ತಲುಪಿದರೆ ಹೊಸ 4 ಡೌನ್. ಆ ಗೆರೆ ಮೈದಾನದ ಮೇಲೆ ಇರುವುದಿಲ್ಲ. 1998ರಿಂದ ಟಿವಿಯವರು ಕಂಪ್ಯೂಟರ್‌ನಲ್ಲಿ ಹಾಕುತ್ತಿದ್ದಾರೆ. ಅದು ಬಂದ ಮೇಲೆ ಆಟ ನೋಡುವುದು ಎಷ್ಟು ಸುಲಭವಾಯಿತು ಅಂದರೆ, ನನ್ನ ಪ್ರಕಾರ ಹೊಸಬರಿಗೆ ಅದಕ್ಕಿಂತ ದೊಡ್ಡ ಉಪಕಾರ ಬೇರೆ ಇಲ್ಲ.

ಪಾಯಿಂಟ್ ಲೆಕ್ಕ: ಎದುರಾಳಿಯ ಎಂಡ್ ಝೋನ್ ಒಳಗೆ ಬಾಲ್ ಒಯ್ದರೆ ಟಚ್‌ಡೌನ್, 6. ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು 1. ಒದೆಯುವ ಬದಲು 2 ಯಾರ್ಡ್ ದೂರದಿಂದ ಮತ್ತೆ ಎಂಡ್ ಝೋನ್‌ಗೆ ನುಗ್ಗಿದರೆ 2. ಟಚ್‌ಡೌನ್ ಇಲ್ಲದೆ ಸುಮ್ನೆ ಒದ್ದು ಕಂಬದ ನಡುವೆ ಹಾಯಿಸಿದರೆ ಫೀಲ್ಡ್ ಗೋಲ್, 3. ಸೇಫ್ಟಿ ಅಂತ 2 ಪಾಯಿಂಟ್‌ನದ್ದು ಒಂದಿದೆ, ಅಪರೂಪ. ಅದು ಬಂದಾಗ ನೋಡಿಕೊಳ್ಳೋಣ.

ಪ್ರಶ್ನೆ ಕೇಳಿ. ಯಾವ ಪ್ರಶ್ನೆಯೂ ಸಣ್ಣದಲ್ಲ.

ಟೆಕ್ಸಾಸ್ಅಮ್ಮ, ಫ್ರಿಸ್ಕೋ
ಆಗಸ್ಟ್ 31

ಅಕ್ಕಾ, ತುಂಬಾ ಥ್ಯಾಂಕ್ಸ್. ನನಗೆ ಎರಡು ಪ್ರಶ್ನೆ. 4 ಡೌನ್ ಇದೆ ಅಂತೀರಿ, ಆದರೆ ನಾಲ್ಕನೇದರಲ್ಲಿ ಹೆಚ್ಚಿನ ಸಲ ಬಾಲನ್ನು ಆಕಾಶಕ್ಕೆ ಒದ್ದು ಎದುರಾಳಿಗೇ ಕೊಟ್ಟುಬಿಡುತ್ತಾರೆ. ಯಾಕೆ?

ಎರಡನೇದು, ನಮ್ಮನೆಯಲ್ಲಿ ಗುರುವಾರದಿಂದ ಶೋಕಾಚರಣೆ ನಡೀತಿದೆ. ಮೈಕಾ ಪಾರ್ಸನ್ಸ್ ಅನ್ನುವವನನ್ನು ಕೌಬಾಯ್ಸ್‌ನವರು ಬಿಟ್ಟುಕೊಟ್ಟರಂತೆ. ದೊಡ್ಡ ಮಗ ಅವನ ಜರ್ಸಿ ಮಡಿಚಿ ಕಪಾಟಿನ ಒಳಗೆ ಇಟ್ಟಿದ್ದಾನೆ. ಒಬ್ಬ ಆಟಗಾರ ಹೋದರೆ ಇಷ್ಟು ಬೇಜಾರಾ?

ಮಲೆನಾಡಹುಡುಗಿ
ಆಗಸ್ಟ್ 31

ನಾಲ್ಕನೇ ಡೌನ್‌ನಲ್ಲಿ ಕೋಚ್ ಮುಂದೆ ಮೂರು ದಾರಿ ಇರುತ್ತದೆ. ಒಂದು, ಆಡುವುದು. ಆಡಿ ಸೋತರೆ ಬಾಲ್ ಇದ್ದ ಜಾಗದಲ್ಲೇ ಎದುರಾಳಿಗೆ ಸಿಗುತ್ತದೆ. ತಮ್ಮದೇ ಎಂಡ್ ಝೋನ್ ಹತ್ತಿರ ಇದ್ದು ಸೋತರೆ ಕೈಯಾರೆ ಪಾಯಿಂಟ್ ಕೊಟ್ಟ ಹಾಗೆ. ಅದಕ್ಕೇ ಎರಡನೇ ದಾರಿ, ಪಂಟ್. ಬಾಲ್ ಹೇಗೂ ಹೋಗುತ್ತದೆ, ಆದಷ್ಟು ದೂರ ಹೋಗಲಿ ಅಂತ ಒದೆಯುವುದು. ಎದುರಾಳಿ ಅಷ್ಟು ದೂರದಿಂದ ಹತ್ತಿಕೊಂಡು ಬರಬೇಕಾಗುತ್ತದೆ.

ಮೂರನೇ ದಾರಿ ಫೀಲ್ಡ್ ಗೋಲ್. ಇದಕ್ಕೆ ಒಂದು ಸುಲಭದ ಲೆಕ್ಕ ಇದೆ. ಬಾಲ್ ಇರುವ ಯಾರ್ಡ್‌ಗೆ 17 ಸೇರಿಸಿ. ಕಂಬ ಎಂಡ್ ಝೋನ್‌ನ ಹಿಂದಿನ ತುದಿಯಲ್ಲಿದೆ, ಅದಕ್ಕೆ 10. ಒದೆಯುವವನಿಗೆ ಬಾಲ್ ಇಡುವುದು 7 ಯಾರ್ಡ್ ಹಿಂದೆ. ಎದುರಾಳಿಯ ಎಂಡ್ ಝೋನ್‌ಗೆ 30 ಯಾರ್ಡ್ ದೂರದಲ್ಲಿದ್ದರೆ 47 ಯಾರ್ಡ್ ಒದೆತ. 50 ದಾಟಿದರೂ ಒದೆಯುವ ಕಿಕ್ಕರ್‌ಗಳು ಈಗ ಬೇಕಾದಷ್ಟು ಜನ ಇದ್ದಾರೆ.

ಪಾರ್ಸನ್ಸ್ ವಿಷಯ. ನಾನು ಗ್ರೀನ್ ಬೇ ಪ್ಯಾಕರ್ಸ್ ಕಡೆಯವಳು. ಅವನು ಬಂದಿರುವುದು ನಮ್ಮ ತಂಡಕ್ಕೇ, ನನಗೆ ಖುಷಿ ತಡೆಯಲಾಗುತ್ತಿಲ್ಲ. ಆದರೆ ನಿಮ್ಮ ಮಗನ ದುಃಖ ನ್ಯಾಯವಾದದ್ದು. ಪಾರ್ಸನ್ಸ್ ಕೆಲಸ ಎದುರಾಳಿ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು. ಎಸೆಯುವ ಮೊದಲೇ ಅವನನ್ನು ಕೆಡವಿದರೆ ಸ್ಯಾಕ್. ಈ ಕೆಲಸದಲ್ಲಿ ಅವನ ಸಾಟಿ ಕೆಲವೇ ಜನ. ಸಂಬಳದ ಮಾತುಕತೆ ಮುರಿದುಬಿತ್ತು. ಆಗಸ್ಟ್ 28ಕ್ಕೆ ಪ್ಯಾಕರ್ಸ್‌ನವರು ಕೆನ್ನಿ ಕ್ಲಾರ್ಕ್ ಅನ್ನುವ ಆಟಗಾರನನ್ನೂ, 2026 ಮತ್ತು 2027ರ ಡ್ರಾಫ್ಟ್‌ನ ಮೊದಲ ಸುತ್ತಿನ ಆಯ್ಕೆಗಳನ್ನೂ ಕೊಟ್ಟು ಅವನನ್ನು ತಂದರು. 4 ವರ್ಷಕ್ಕೆ 18.8 ಕೋಟಿ ಡಾಲರ್ ಒಪ್ಪಂದ. ಕ್ವಾರ್ಟರ್‌ಬ್ಯಾಕ್ ಅಲ್ಲದ ಆಟಗಾರನಿಗೆ 2025ರ ಈ ಒಪ್ಪಂದದವರೆಗೆ ಯಾರೂ ಇಷ್ಟು ಕೊಟ್ಟಿರಲಿಲ್ಲ.

ಡ್ರಾಫ್ಟ್ ಅಂದರೆ ಪ್ರತಿ ಏಪ್ರಿಲ್‌ನಲ್ಲಿ ಕಾಲೇಜು ಆಟಗಾರರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುವುದು. ಹಿಂದಿನ ವರ್ಷ ಕೊನೆಗೆ ಬಂದ ತಂಡಕ್ಕೆ ಮೊದಲ ಸರದಿ. ಎಲ್ಲ ತಂಡಕ್ಕೂ ಸಂಬಳದ ಮಿತಿ ಒಂದೇ. ಹಣ ಇದೆ ಅಂತ ಒಬ್ಬರೇ ಎಲ್ಲರನ್ನೂ ಕೊಂಡುಕೊಳ್ಳುವ ಹಾಗಿಲ್ಲ. ನನಗೆ ಈ ಲೀಗ್‌ನಲ್ಲಿ ತುಂಬಾ ಇಷ್ಟವಾದದ್ದು ಇದೇ. ಗ್ರೀನ್ ಬೇ ಸುಮಾರು ಒಂದು ಲಕ್ಷ ಜನರಿರುವ ಸಣ್ಣ ಊರು. ಪ್ಯಾಕರ್ಸ್‌ಗೆ ಒಬ್ಬ ಯಜಮಾನ ಅಂತಿಲ್ಲ, ಐದು ಲಕ್ಷಕ್ಕೂ ಹೆಚ್ಚು ಸಾಮಾನ್ಯ ಜನ ಷೇರುದಾರರು. ಆ ಷೇರಿನಿಂದ ಒಂದು ಪೈಸೆ ಲಾಭ ಬರುವುದಿಲ್ಲ. ಆದರೂ ಜನ ಅದಕ್ಕೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕುತ್ತಾರೆ.

ಧಾರವಾಡದಾಕಿ, ಎಡಿಸನ್, ನ್ಯೂಜೆರ್ಸಿ
ಸೆಪ್ಟೆಂಬರ್ 1

ಛಲೋ ಶುರು ಮಾಡೀರಿ ಅಕ್ಕಾರ. ನಾನು ಒಂದು ಮಾತು ಸೇರಿಸುತ್ತೇನೆ. ಡೌನ್ ಲೆಕ್ಕ ಗೊತ್ತಾದ ಮೇಲೆ ಒಂದಿಷ್ಟು ಹೊತ್ತು ಕ್ವಾರ್ಟರ್‌ಬ್ಯಾಕ್‌ನನ್ನು ಬಿಟ್ಟು ಅವನ ಮುಂದೆ ನಿಲ್ಲುವ 5 ಜನ ದಪ್ಪ ಹುಡುಗರನ್ನು ನೋಡ್ರಿ. ಅವರನ್ನು ಆಫೆನ್ಸಿವ್ ಲೈನ್ ಅನ್ನುತ್ತಾರೆ. ಹೆಚ್ಚಿನವರು 135 ಕೆಜಿ ಮೇಲೆ. ಅವರ ಕೈಗೆ ಬಾಲ್ ಬರುವುದು ಅಪರೂಪ, ಅವರ ಹೆಸರೂ ಯಾರಿಗೂ ಗೊತ್ತಿರುವುದಿಲ್ಲ. ಆದರೆ ಅವರು ಎದುರಿನವರನ್ನು ಮೂರು ಸೆಕೆಂಡ್ ತಡೆದರೇ ಕ್ವಾರ್ಟರ್‌ಬ್ಯಾಕ್‌ಗೆ ಎಸೆಯಲು ಪುರುಸೊತ್ತು. ಬಾಲ್ ಎತ್ತಿದ ಕೂಡಲೇ ಆ ಐವರು ಹಿಂದಕ್ಕೆ ಸರಿದು ಎದ್ದು ನಿಂತರೆ ಪಾಸ್, ಅಂದರೆ ಎಸೆತ. ತಲೆ ತಗ್ಗಿಸಿ ಮುಂದಕ್ಕೆ ನುಗ್ಗಿದರೆ ಓಟ. ಇಷ್ಟು ನೋಡಿ ಅರ್ಧ ಸೆಕೆಂಡ್ ಮೊದಲೇ ಹೇಳಬಹುದು. ಒಂದೊಂದು ಸಲ ಬೇಕಂತಲೇ ಮೋಸ ಮಾಡುತ್ತಾರೆ, ಅದೂ ಆಟದ ಭಾಗ.

ಉಳಿದವರು ಹೀಗೆ. ಕ್ವಾರ್ಟರ್‌ಬ್ಯಾಕ್ ಪಕ್ಕ ಅಥವಾ ಹಿಂದೆ ನಿಂತು ಬಾಲ್ ಇಸಕೊಂಡು ಓಡುವವನು ರನ್ನಿಂಗ್ ಬ್ಯಾಕ್. ಅಂಚಿನಲ್ಲಿ ನಿಂತು ದೂರ ಓಡಿ ಹಿಡಿಯುವವರು ವೈಡ್ ರಿಸೀವರ್. ತಡೆಯುವ ಕೆಲಸ, ಹಿಡಿಯುವ ಕೆಲಸ ಎರಡೂ ಮಾಡುವವನು ಟೈಟ್ ಎಂಡ್. ಗಾಯಕಿ ಟೇಲರ್ ಸ್ವಿಫ್ಟ್‌ಗೆ ಹೋದ ವಾರ ನಿಶ್ಚಿತಾರ್ಥ ಆಯಿತಲ್ಲ, ಆ ಟ್ರಾವಿಸ್ ಕೆಲ್ಸಿ ಕ್ಯಾನ್ಸಸ್ ಸಿಟಿ ಚೀಫ್ಸ್‌ನ ಟೈಟ್ ಎಂಡ್.

ಟೆಕ್ಸಾಸ್ಅಮ್ಮ
ಸೆಪ್ಟೆಂಬರ್ 1

ಸ್ವಿಫ್ಟ್ ಹೆಸರು ಬಂತು ಅಂತ ಹೇಳುತ್ತಿದ್ದೇನೆ. ನನ್ನ ಮಗಳು 2023ರಲ್ಲಿ ಅವಳಿಗೋಸ್ಕರ ಪಂದ್ಯ ನೋಡಲು ಶುರು ಮಾಡಿದಳು. ಈಗ ಅವಳಿಗೆ ಅಣ್ಣನಿಗಿಂತ ಜಾಸ್ತಿ ನಿಯಮ ಗೊತ್ತು. ಹಾಗೆ ಬಂದ ಹುಡುಗಿಯರನ್ನು ಹಗುರವಾಗಿ ಮಾತಾಡುವವರನ್ನು ಕಂಡರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಯಾವ ಬಾಗಿಲಿಂದ ಬಂದರೇನು, ಒಳಗೆ ಬಂದು ಕೂತಿದ್ದಾರಲ್ಲ.

ಜಯನಗರ4ನೇಬ್ಲಾಕ್, ಬೆಂಗಳೂರು
ಸೆಪ್ಟೆಂಬರ್ 2

ನಾನು ಇಲ್ಲಿಂದಲೇ ಅಮೆರಿಕದ ಟೀಮ್ ಜೊತೆ ಕೆಲಸ ಮಾಡುವವಳು. ಸೋಮವಾರದ ಮೀಟಿಂಗ್‌ನಲ್ಲಿ ಮೊದಲ ಐದು ನಿಮಿಷ ಇದೇ ಮಾತು, ನಾನು ಸುಮ್ನೆ ನಗುತ್ತಾ ಕೂತಿರುತ್ತೇನೆ. ಈ ಸಲ ನಾನೂ ಮಾತಾಡಬೇಕು. ಭಾರತದಲ್ಲಿ ಎಷ್ಟು ಹೊತ್ತಿಗೆ ನೋಡಬಹುದು? ಸೀಸನ್ ಒಟ್ಟು ಹೇಗೆ ನಡೆಯುತ್ತದೆ?

ಮಲೆನಾಡಹುಡುಗಿ
ಸೆಪ್ಟೆಂಬರ್ 2

ಭಾನುವಾರ ಮಧ್ಯಾಹ್ನ 1 ಗಂಟೆಯ ನ್ಯೂಯಾರ್ಕ್ ಸಮಯದ ಪಂದ್ಯಗಳು ನಿಮಗೆ ಅದೇ ರಾತ್ರಿ 10:30ಕ್ಕೆ. ನವೆಂಬರ್‌ನಲ್ಲಿ ಇಲ್ಲಿ ಗಡಿಯಾರ ಹಿಂದಕ್ಕೆ ಹಾಕಿದ ಮೇಲೆ 11:30. ಭಾನುವಾರ ರಾತ್ರಿಯ ಪಂದ್ಯ ಸೋಮವಾರ ಬೆಳಿಗ್ಗೆ 6ರ ಹತ್ತಿರ. ನಿಮಗೆ ಇದೇ ಸರಿ ಅನಿಸುತ್ತದೆ. ಕಾಫಿ ಕುಡಿಯುತ್ತಾ ನೋಡಬಹುದು, ಮೀಟಿಂಗ್‌ನಲ್ಲಿ ಹೇಳಲು ವಿಷಯವೂ ತಾಜಾ ಇರುತ್ತದೆ. ಇನ್ನೊಂದು ಒಳ್ಳೆ ಸುದ್ದಿ. ಈ ಶುಕ್ರವಾರ ಬ್ರೆಝಿಲ್‌ನ ಸಾವ್ ಪಾಲೊದಲ್ಲಿ ಚೀಫ್ಸ್ ಮತ್ತು ಚಾರ್ಜರ್ಸ್ ಪಂದ್ಯ ಇದೆ. ಅದನ್ನು ಯೂಟ್ಯೂಬ್‌ನಲ್ಲಿ ಜಗತ್ತಿಗೆಲ್ಲ ಪುಕ್ಕಟೆ ತೋರಿಸುತ್ತಾರೆ. ನಿಮಗೆ ಶನಿವಾರ ಬೆಳಿಗ್ಗೆ 5:30ಕ್ಕೆ.

ಒಟ್ಟು 32 ತಂಡ. ಎರಡು ಗುಂಪು, ಎಎಫ್‌ಸಿಯಲ್ಲಿ 16, ಎನ್‌ಎಫ್‌ಸಿಯಲ್ಲಿ 16. ಒಂದೊಂದು ತಂಡ 18 ವಾರದಲ್ಲಿ 17 ಪಂದ್ಯ ಆಡುತ್ತದೆ, ಒಂದು ವಾರ ರಜ. ಜನವರಿಯಲ್ಲಿ 14 ತಂಡಗಳ ಪ್ಲೇಆಫ್. ಅಲ್ಲಿ ಒಂದು ಸೋಲು ಅಂದರೆ ಮನೆಗೆ. ಸೂಪರ್ ಬೌಲ್ ಫೆಬ್ರವರಿ 8, 2026ಕ್ಕೆ ಸಾಂಟಾ ಕ್ಲಾರಾದ ಲೀವೈಸ್ ಸ್ಟೇಡಿಯಂನಲ್ಲಿ. ಬೇ ಏರಿಯಾದಲ್ಲಿರುವ ನಮ್ಮವರಿಗೆಲ್ಲ ಮನೆ ಬಾಗಿಲಲ್ಲೇ. ನಡುವೆ ಥ್ಯಾಂಕ್ಸ್‌ಗಿವಿಂಗ್ ಗುರುವಾರ ಬರುತ್ತದೆ. ಆವತ್ತು ಡೆಟ್ರಾಯಿಟ್ ಲಯನ್ಸ್ ಮತ್ತು ಕೌಬಾಯ್ಸ್ ತಮ್ಮ ಊರಲ್ಲಿ ಆಡುವುದು ಹಳೇ ಸಂಪ್ರದಾಯ. ಡೆಟ್ರಾಯಿಟ್‌ನವರು ಇದನ್ನು 1934ರಲ್ಲೇ ಶುರು ಮಾಡಿದರು.

ಧಾರವಾಡದಾಕಿ
ಸೆಪ್ಟೆಂಬರ್ 5

ನಿನ್ನೆ ಪಂದ್ಯ ನೋಡಿದ್ರಿ? ಈಗಲ್ಸ್ 24, ಕೌಬಾಯ್ಸ್ 20. ಶುರುವಾಗಿ ಆರೇ ಸೆಕೆಂಡ್ ಆಗಿತ್ತು, ಈಗಲ್ಸ್‌ನ ಜೇಲನ್ ಕಾರ್ಟರ್ ಕೌಬಾಯ್ಸ್ ಕ್ವಾರ್ಟರ್‌ಬ್ಯಾಕ್ ಡಾಕ್ ಪ್ರೆಸ್ಕಾಟ್ ಮೇಲೆ ಉಗುಳಿದ ಅಂತ ಹೊರಗೆ ಕಳಿಸಿದರು. ಆಮೇಲೆ ಮಿಂಚು ಅಂತ ಒಂದು ಗಂಟೆ ಆಟ ನಿಂತಿತು.

ಟೆಕ್ಸಾಸ್ಅಮ್ಮ
ಸೆಪ್ಟೆಂಬರ್ 5

ನೋಡಿದೆ! ಈ ಸಲ ಅಂಕಿ ನೋಡಿಕೊಂಡೇ ನೋಡಿದೆ. ನಿಮ್ಮ ಲೆಕ್ಕ ಪೂರ್ತಿ ಅಲ್ಲಿ ಸಿಕ್ಕಿತು. ನಮ್ಮವರ 20 ಹೇಗೆ ಬಂತು ಅಂದರೆ ಎರಡು ಟಚ್‌ಡೌನ್, ಎರಡಕ್ಕೂ ಒಂದೊಂದು ಕಿಕ್, ಅಲ್ಲಿಗೆ 14. ಮೇಲೆ ಎರಡು ಫೀಲ್ಡ್ ಗೋಲ್, 6. ಅವರದ್ದು ಮೂರು ಟಚ್‌ಡೌನ್, ಒಂದು ಫೀಲ್ಡ್ ಗೋಲ್. ಕೊನೆಗೆ ನಾವು 4 ಪಾಯಿಂಟ್ ಹಿಂದೆ. ಆಗ ಮಗಳು ಹೇಳಿದಳು, ಅಮ್ಮಾ ಈಗ ಫೀಲ್ಡ್ ಗೋಲ್ ಸಾಕಾಗಲ್ಲ, ಟಚ್‌ಡೌನೇ ಬೇಕು ಅಂತ. 3 ಸಿಕ್ಕರೂ 23 ಅಲ್ವಾ. ನಾಲ್ಕನೇ ಡೌನ್‌ನಲ್ಲಿ ಪ್ರೆಸ್ಕಾಟ್ ದೂರಕ್ಕೆ ಎಸೆದ. ರಿಸೀವರ್ ಸಿಡಿ ಲ್ಯಾಂಬ್ ಹಾರಿದ, ಕೈಗೂ ತಾಗಿತು, ನಿಲ್ಲಲಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದ್ದು ನಾನೇ.

ಮಲೆನಾಡಹುಡುಗಿ
ಸೆಪ್ಟೆಂಬರ್ 5

ನಿಮ್ಮ ಪೋಸ್ಟ್ ಓದಿ ಎಷ್ಟು ಖುಷಿಯಾಯಿತು ಅಂದರೆ ಹೇಳಲಾರೆ. 4 ಪಾಯಿಂಟ್ ಅಂತರ ಅಂದರೆ ಟಚ್‌ಡೌನ್ ಬೇಕೇ ಬೇಕು ಅಂತ ಹೊಳೆಯಿತಲ್ಲ, ಇನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ತುಂಗಭದ್ರಾತೀರ, ಆಸ್ಟಿನ್
ಸೆಪ್ಟೆಂಬರ್ 6

ನಾನು ಸ್ವಲ್ಪ ಬೇರೆ ವಿಷಯ ಕೇಳುತ್ತೇನೆ, ತಪ್ಪು ತಿಳಿಯಬೇಡಿ. ನನ್ನ ಮಗನಿಗೆ 10 ವರ್ಷ. ಗೆಳೆಯರೆಲ್ಲ ಟ್ಯಾಕಲ್ ಫುಟ್‌ಬಾಲ್ (ಎದುರಾಳಿಯನ್ನು ಹಿಡಿದು ಕೆಡವುವ ಆಟ) ಸೇರಿದ್ದಾರೆ, ನಾನೂ ಸೇರುತ್ತೇನೆ ಅಂತ ಹಟ. ನನ್ನ ಯಜಮಾನರು ಹೂಂ ಅಂತಾರೆ. ನನಗೆ ತಲೆಗೆ ಪೆಟ್ಟು ಬಿದ್ದರೆ ಅನ್ನುವ ಭಯ. ಟಿವಿಯಲ್ಲಿ ನೋಡುವುದು ಬೇರೆ, ನಮ್ಮ ಮಗು ಆಡುವುದು ಬೇರೆ ಅಲ್ವಾ?

ಬಫಲೋಚಳಿ, ಬಫಲೋ, ನ್ಯೂಯಾರ್ಕ್
ಸೆಪ್ಟೆಂಬರ್ 6

ನಾನು ಇಲ್ಲಿ ಆಸ್ಪತ್ರೆಯಲ್ಲಿ ನರ್ಸ್. ನಿಮ್ಮ ಭಯದಲ್ಲಿ ತಪ್ಪೇನೂ ಇಲ್ಲ, ಅದನ್ನು ಮನೆಯಲ್ಲಿ ಬಾಯಿಬಿಟ್ಟು ಹೇಳಿ.

ನಮ್ಮ ಊರಿನ ಬಿಲ್ಸ್ ತಂಡದ ಡಮಾರ್ ಹ್ಯಾಮ್ಲಿನ್‌ಗೆ 2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ಆಡುವಾಗ ಎದೆಗೆ ಪೆಟ್ಟು ಬಿದ್ದು ಮೈದಾನದಲ್ಲೇ ಹೃದಯ ನಿಂತಿತು. ಅಲ್ಲೇ ಎದೆ ಒತ್ತಿ ಸಿಪಿಆರ್ ಮಾಡಿ, ಎಇಡಿ ಯಂತ್ರದಿಂದ ಶಾಕ್ ಕೊಟ್ಟರು. ಹುಡುಗ ಬದುಕಿದ, ಮುಂದಿನ ಸೀಸನ್‌ಗೆ ವಾಪಸ್ ಆಡಿದ. ಆ ರಾತ್ರಿ ನಮ್ಮ ಊರಿನಲ್ಲಿ ಯಾರೂ ನಿದ್ದೆ ಮಾಡಿಲ್ಲ. ಅದು ತೀರಾ ಅಪರೂಪದ ಘಟನೆ. ಆದರೆ ಮಕ್ಕಳ ಯಾವ ತಂಡಕ್ಕೆ ಸೇರಿಸಿದರೂ ಮೈದಾನದಲ್ಲಿ ಎಇಡಿ ಇದೆಯಾ, ಉಪಯೋಗಿಸಲು ಯಾರಿಗೆ ಬರುತ್ತದೆ ಅಂತ ಕೇಳಿ. ಸಾಕರ್ ಆದರೂ ಸರಿ, ಬೇಸ್‌ಬಾಲ್ ಆದರೂ ಸರಿ.

ತಲೆಯ ಪೆಟ್ಟು ಅಪರೂಪದ್ದಲ್ಲ, ಅದೇ ನಿಜವಾದ ವಿಷಯ. ಎನ್‌ಎಫ್‌ಎಲ್‌ನಲ್ಲಿ ಪೆಟ್ಟು ಬಿದ್ದ ಅನುಮಾನ ಬಂದರೆ ಆಟಗಾರನನ್ನು ಅಂಚಿನ ನೀಲಿ ಡೇರೆಯೊಳಗೆ ಕರೆದುಕೊಂಡು ಹೋಗಿ ನೋಡುತ್ತಾರೆ. ತಂಡಕ್ಕೆ ಸೇರದ ನರರೋಗ ತಜ್ಞರೂ ಇರುತ್ತಾರೆ. ಅಷ್ಟೆಲ್ಲ ವ್ಯವಸ್ಥೆ ಮಕ್ಕಳ ಆಟದಲ್ಲಿ ಇರುವುದಿಲ್ಲ. ಇನ್ನೊಂದು ಮಾತು. ತಲೆ ತಿರುಗುವಂಥ ದೊಡ್ಡ ಪೆಟ್ಟು ಮಾತ್ರ ಲೆಕ್ಕಕ್ಕಲ್ಲ. ವರ್ಷಗಟ್ಟಲೆ ಬೀಳುವ ಸಣ್ಣ ಸಣ್ಣ ಪೆಟ್ಟು ಸೇರಿ ಮಿದುಳಿಗೆ ಸಿಟಿಇ ಅನ್ನುವ ಕಾಯಿಲೆ ಬರಬಹುದು. ಎಷ್ಟು ಜಾಸ್ತಿ ವರ್ಷ ಆಡಿದರೆ ಅಪಾಯ ಅಷ್ಟು ಜಾಸ್ತಿ. ಚಿಕ್ಕ ವಯಸ್ಸಿಗೇ ಶುರು ಮಾಡುವುದು ಬೇಡ ಅನ್ನುವುದು ನನ್ನ ಖಚಿತ ಅಭಿಪ್ರಾಯ. ಇಲ್ಲ ಅಂದುಬಿಡುವ ಬದಲು ಫ್ಲ್ಯಾಗ್ ಫುಟ್‌ಬಾಲ್‌ಗೆ ಸೇರಿಸಿ.

ತುಂಗಭದ್ರಾತೀರ
ಸೆಪ್ಟೆಂಬರ್ 6

ಫ್ಲ್ಯಾಗ್ ಅಂದರೆ ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡು ಆಡುತ್ತಾರಲ್ಲ, ಅದಾ? ಅವನು ಅದು ಚಿಕ್ಕ ಮಕ್ಕಳ ಆಟ ಅಂತಾನೆ.

ಮಲೆನಾಡಹುಡುಗಿ
ಸೆಪ್ಟೆಂಬರ್ 6

ಅವನಿಗೆ ಹೇಳಿ, ಅದು ಒಲಿಂಪಿಕ್ಸ್ ಆಟ ಅಂತ. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಫ್ಲ್ಯಾಗ್ ಫುಟ್‌ಬಾಲ್ ಇದೆ, ಗಂಡಸರಿಗೂ ಹೆಂಗಸರಿಗೂ. ಒಂದು ಕಡೆ 5 ಜನ. ಎದುರಾಳಿಯ ಸೊಂಟದ ಪಟ್ಟಿ ಕಿತ್ತರೆ ಅಲ್ಲಿಗೆ ಆ ಡೌನ್ ಮುಗಿಯಿತು, ಕೆಡವುವ ಹಾಗಿಲ್ಲ. ಎನ್‌ಎಫ್‌ಎಲ್ ಆಟಗಾರರೂ ಆಯ್ಕೆಗೆ ನಿಲ್ಲಬಹುದು ಅಂತ ತಂಡಗಳ ಮಾಲೀಕರು ಇದೇ ಮೇ ತಿಂಗಳಲ್ಲಿ ಒಪ್ಪಿದ್ದಾರೆ. ಎಸೆಯುವುದು, ಹಿಡಿಯುವುದು, ತಪ್ಪಿಸಿಕೊಂಡು ಓಡುವುದು, ಎಲ್ಲ ಅದರಲ್ಲೂ ಇದೆ.

ಹೆಣ್ಣುಮಕ್ಕಳಿಗಂತೂ ಇದು ದೊಡ್ಡ ಬಾಗಿಲು. ಕ್ಯಾಲಿಫೋರ್ನಿಯಾ, ಫ್ಲಾರಿಡಾ, ಜಾರ್ಜಿಯಾ, ಇಲಿನಾಯ್ ಹೀಗೆ ಹಲವು ರಾಜ್ಯಗಳಲ್ಲಿ ಹುಡುಗಿಯರ ಫ್ಲ್ಯಾಗ್ ಫುಟ್‌ಬಾಲ್ ಈಗ ಹೈಸ್ಕೂಲಿನ ಅಧಿಕೃತ ಆಟ. 2022ರಲ್ಲಿ ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನ ವರ್ಲ್ಡ್ ಗೇಮ್ಸ್‌ನಲ್ಲಿ ಮೆಕ್ಸಿಕೋ ಹೆಂಗಸರು ಅಮೆರಿಕವನ್ನೇ ಸೋಲಿಸಿ ಚಿನ್ನ ಗೆದ್ದರು. ಅವರ ಕ್ವಾರ್ಟರ್‌ಬ್ಯಾಕ್ ಡಯಾನಾ ಫ್ಲೋರೆಸ್ ಆಡುವುದನ್ನು ಒಮ್ಮೆ ಮಗನಿಗೆ ತೋರಿಸಿ. ಪಟ್ಟಿ ಕೀಳಲು ಬಂದವರ ಕೈಗೆ ಸಿಗದೆ ಸೊಂಟ ತಿರುಗಿಸಿ ಜಾರಿಕೊಳ್ಳುವುದನ್ನು ನೋಡಿದರೆ ಚಿಕ್ಕ ಮಕ್ಕಳ ಆಟ ಅನ್ನುವ ಮಾತು ಬಾಯಿಗೆ ಬರುವುದಿಲ್ಲ.

ಜಯನಗರ4ನೇಬ್ಲಾಕ್
ಸೆಪ್ಟೆಂಬರ್ 6

ಬೆಳಿಗ್ಗೆ ಎದ್ದು ಬ್ರೆಝಿಲ್ ಪಂದ್ಯ ಪೂರ್ತಿ ನೋಡಿದೆ. ಚಾರ್ಜರ್ಸ್ 27, ಚೀಫ್ಸ್ 21. ಹಳದಿ ಗೆರೆ ಒಂದನ್ನೇ ಹಿಡಿದುಕೊಂಡಿದ್ದೆ, ಸಾಕಾಯಿತು. ಆದರೆ ಹಳದಿ ಕರವಸ್ತ್ರ ಎಸೆಯುತ್ತಾರಲ್ಲ, ಅದು ತಲೆಗೆ ಹೋಗಲಿಲ್ಲ. ಇನ್ನೊಂದು, ಮೈದಾನದಲ್ಲಿ ಅಂಪೈರ್‌ಗಳಾಗಿ ಹೆಂಗಸರೂ ಇರುತ್ತಾರಾ?

ಧಾರವಾಡದಾಕಿ
ಸೆಪ್ಟೆಂಬರ್ 6

ಕರವಸ್ತ್ರ ಬಿತ್ತು ಅಂದರೆ ಯಾರೋ ತಪ್ಪು ಮಾಡಿದರು ಅಂತ. ನೂರೆಂಟು ನಿಯಮ ಇವೆ, ಮೂರು ಗೊತ್ತಿದ್ದರೆ ಬೇಕಾದಷ್ಟಾಯಿತು. ಬಾಲ್ ಎತ್ತುವ ಮೊದಲೇ ಆಫೆನ್ಸ್‌ನವರು ಅಲುಗಾಡಿದರೆ ಫಾಲ್ಸ್ ಸ್ಟಾರ್ಟ್, 5 ಯಾರ್ಡ್ ಹಿಂದಕ್ಕೆ. ಆಫೆನ್ಸ್‌ನವರು ಎದುರಿನವರನ್ನು ತಡೆಯುವಾಗ ಅಂಗಿ ಹಿಡಿದು ಎಳೆದರೆ ಹೋಲ್ಡಿಂಗ್, 10 ಯಾರ್ಡ್ ಹಿಂದಕ್ಕೆ. ಬಾಲ್ ಬರುವ ಮೊದಲೇ ಡಿಫೆನ್ಸ್‌ನವನು ರಿಸೀವರ್‌ಗೆ ಅಡ್ಡಿ ಮಾಡಿದರೆ ಪಾಸ್ ಇಂಟರ್‌ಫಿಯರೆನ್ಸ್, ತಪ್ಪಾದ ಜಾಗಕ್ಕೇ ಬಾಲ್ ಕೊಡುತ್ತಾರೆ. ಒಂದೇ ಏಟಿಗೆ 40 ಯಾರ್ಡ್ ಹೋಗಬಹುದು, ಅದಕ್ಕೇ ಅದರ ಮೇಲೆ ಇಷ್ಟು ಜಗಳ. ಕರವಸ್ತ್ರ ಬಿದ್ದ ಮೇಲೂ ಡೌನ್ ಮತ್ತು ಯಾರ್ಡ್ ಅಂಕಿ ಏನಾಯಿತು ನೋಡ್ರಿ, ಯಾರಿಗೆ ಲಾಭ ಅಂತ ಗೊತ್ತಾಗುತ್ತದೆ.

ಬಫಲೋಚಳಿ
ಸೆಪ್ಟೆಂಬರ್ 6

ಹೆಂಗಸರು ಇದ್ದಾರೆ. ಸಾರಾ ಥಾಮಸ್ 2015ರಲ್ಲಿ ಎನ್‌ಎಫ್‌ಎಲ್‌ನ ಮೊದಲ ಪೂರ್ಣಾವಧಿ ಮಹಿಳಾ ಅಧಿಕಾರಿಯಾದರು. 2021ರ ಫೆಬ್ರವರಿಯಲ್ಲಿ ಸೂಪರ್ ಬೌಲ್‌ನಲ್ಲೂ ನಿಂತರು. ಅದೇ ಸೂಪರ್ ಬೌಲ್ ಗೆದ್ದ ಟ್ಯಾಂಪಾ ಬೇ ಬಕನಿಯರ್ಸ್ ತಂಡದ ಕೋಚ್‌ಗಳಲ್ಲಿ ಇಬ್ಬರು ಹೆಂಗಸರು, ಲೋರಿ ಲೋಕಸ್ಟ್ ಮತ್ತು ಮರಾಲ್ ಜವಾದಿಫರ್. ಪೂರ್ಣಾವಧಿ ಸಹಾಯಕ ಕೋಚ್ ಆಗಿ ಮೊದಲ ಹೆಂಗಸನ್ನು ನೇಮಿಸಿದ್ದು ನಮ್ಮ ಬಿಲ್ಸ್, 2016ರಲ್ಲಿ, ಕ್ಯಾಥ್ರಿನ್ ಸ್ಮಿತ್ ಅವರನ್ನು. ಶಿಕಾಗೋ ಬೇರ್ಸ್ ತಂಡದ ಒಡತಿಯಾಗಿದ್ದ ವರ್ಜಿನಿಯಾ ಮೆಕ್ಯಾಸ್ಕಿ ಈ ವರ್ಷ ಫೆಬ್ರವರಿಯಲ್ಲಿ ತೀರಿಕೊಂಡರು, 102 ವರ್ಷ. ಅವರ ತಂದೆ ಜಾರ್ಜ್ ಹಾಲಸ್ ಈ ಲೀಗ್ ಕಟ್ಟಿದವರಲ್ಲಿ ಒಬ್ಬರು. ಇದು ಗಂಡಸರ ಆಟ, ನಾವು ಪಕ್ಕದಲ್ಲಿ ಕೂತವರು ಅಂತ ಯಾರಾದರೂ ಅಂದರೆ ಈ ಹೆಸರುಗಳನ್ನು ಹೇಳಿ.

ಬಫಲೋಚಳಿ
ಸೆಪ್ಟೆಂಬರ್ 8

ನಿನ್ನೆ ರಾತ್ರಿಯ ಬಿಲ್ಸ್ ಮತ್ತು ಬಾಲ್ಟಿಮೋರ್ ರೇವನ್ಸ್ ಪಂದ್ಯ ನೋಡದವರಿಗೆ ಹೇಳಲೇಬೇಕು. ಲೆಕ್ಕ ಕಲಿಯಲು ಇದಕ್ಕಿಂತ ಒಳ್ಳೆ ಪಂದ್ಯ ಸಿಗುವುದಿಲ್ಲ.

ನಾಲ್ಕನೇ ಕ್ವಾರ್ಟರ್, ಅಂದರೆ ಆಟದ ಕೊನೆಯ ಕಾಲು ಭಾಗ. ರೇವನ್ಸ್‌ನ ಡೆರಿಕ್ ಹೆನ್ರಿ ಓಡಿ ಟಚ್‌ಡೌನ್ ಮಾಡಿದ, 40-25. ಆಮೇಲಿನ 1 ಪಾಯಿಂಟ್‌ನ ಕಿಕ್ ಕಂಬಕ್ಕೆ ಬಡಿದು ತಪ್ಪಿತು. ಆಗ ಯಾರೂ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ನಾವು 15 ಹಿಂದೆ, ಎರಡು ಟಚ್‌ಡೌನ್ ಬೇಕು. ಜನ ಎದ್ದು ಕಾರಿನ ಕಡೆ ಹೊರಟರು.

ನಾಲ್ಕು ನಿಮಿಷ ಇರುವಾಗ ನಮ್ಮ ಕ್ವಾರ್ಟರ್‌ಬ್ಯಾಕ್ ಜಾಶ್ ಅಲೆನ್ ಎಸೆದು ಒಂದು ಟಚ್‌ಡೌನ್, ಕಿಕ್ ಸೇರಿ 32. ಬಾಲ್ ರೇವನ್ಸ್‌ಗೆ ಹೋಯಿತು. ಆ ರಾತ್ರಿ ಯಾರ ಕೈಗೂ ಸಿಗದೆ ಓಡಿದ್ದ ಹೆನ್ರಿಯ ಕೈಯಿಂದಲೇ ಬಾಲ್ ಜಾರಿತು. ಇದನ್ನು ಫಂಬಲ್ ಅನ್ನುತ್ತಾರೆ, ಯಾರು ಹಿಡಿದರೂ ಅವರದ್ದು. ನಮ್ಮವರು ಹಿಡಿದರು. ಅಲೆನ್ ತಾನೇ ಓಡಿ ಇನ್ನೊಂದು ಟಚ್‌ಡೌನ್, 38. ಈಗ 2 ಹಿಂದೆ, ಅದಕ್ಕೇ ಕಿಕ್ ಬಿಟ್ಟು 2 ಪಾಯಿಂಟ್‌ಗೆ ನುಗ್ಗಿದರು. ಆಗಲಿಲ್ಲ. ಮತ್ತೆ ಬಾಲ್ ರೇವನ್ಸ್‌ಗೆ. ಅವರು ಮೂರನೇ ಡೌನ್‌ನಲ್ಲಿ ಗೆರೆ ತಲುಪಿದ್ದರೆ ಸಮಯ ಪೂರ್ತಿ ಕಳೆದು ಗೆಲ್ಲುತ್ತಿದ್ದರು. ತಲುಪಲಿಲ್ಲ, ಪಂಟ್ ಒದ್ದರು.

ಎರಡೇ ಪಾಯಿಂಟ್ ಅಂತರ. ಟೆಕ್ಸಾಸ್ ಅಮ್ಮ, ನಿಮ್ಮವರಿಗೆ 4 ಬೇಕಿತ್ತು, ನಮಗೆ 3 ಸಾಕು. ಅಲೆನ್ ಸರಸರ ಎಸೆದು ತಂಡವನ್ನು ಎದುರಾಳಿಯ ಬಾಗಿಲಿಗೇ ತಂದ. ಕೊನೆಯ ಸೆಕೆಂಡಿನಲ್ಲಿ 32 ಯಾರ್ಡ್ ಫೀಲ್ಡ್ ಗೋಲ್. ಒದ್ದವನು ಮ್ಯಾಟ್ ಪ್ರೇಟರ್, 41 ವರ್ಷ, ಅದೇ ವಾರ ತಂಡಕ್ಕೆ ಸೇರಿದವನು. 41-40. ಆ ತಪ್ಪಿದ ಒಂದು ಕಿಕ್ ಹೋಗಿದ್ದರೆ 41-41 ಆಗಿ ಆಟ ಓವರ್‌ಟೈಮ್‌ಗೆ ಹೋಗುತ್ತಿತ್ತು.

ನಾನು ಡ್ಯೂಟಿ ಮುಗಿಸಿ ಬಂದು ನೋಡುತ್ತಿದ್ದವಳು ಸೋಫಾ ಮೇಲೆ ಕೂರಲೇ ಇಲ್ಲ.

ಜಯನಗರ4ನೇಬ್ಲಾಕ್
ಸೆಪ್ಟೆಂಬರ್ 8

ನಾನೂ ನೋಡಿದೆ, ಬಸ್‌ನಲ್ಲಿ ಫೋನ್ ಹಿಡಿದುಕೊಂಡು ಮುಖ್ಯಾಂಶಗಳನ್ನು! ಸಂಜೆಯ ಮೀಟಿಂಗ್‌ನಲ್ಲಿ ಆ ತಪ್ಪಿದ ಕಿಕ್ ವಿಷಯ ನಾನೇ ತೆಗೆದೆ. ಬಾಲ್ಟಿಮೋರ್‌ನಲ್ಲಿರುವ ಸಹೋದ್ಯೋಗಿ, ದಯವಿಟ್ಟು ಅದನ್ನು ನೆನಪಿಸಬೇಡಿ ಅಂದರು. ಮೊದಲ ಸಲ ಆ ಐದು ನಿಮಿಷದಲ್ಲಿ ನಾನೂ ಇದ್ದೆ.

ತುಂಗಭದ್ರಾತೀರ
ಸೆಪ್ಟೆಂಬರ್ 8

ಫ್ಲ್ಯಾಗ್ ತಂಡಕ್ಕೆ ಮಗನ ಹೆಸರು ಬರೆಸಿದೆವು. ಹುಡುಗ ಹುಡುಗಿಯರ ಮಿಶ್ರ ತಂಡ. ನರ್ಸ್ ಅಕ್ಕ ಹೇಳಿದ ಹಾಗೆ ಎಇಡಿ ಬಗ್ಗೆ ಕೇಳಿದೆ. ಮೈದಾನದ ಕಚೇರಿಯಲ್ಲಿ ಇದೆ, ಇಬ್ಬರು ಕೋಚ್‌ಗಳಿಗೆ ತರಬೇತಿ ಆಗಿದೆ ಅಂದರು. ಪಕ್ಕದಲ್ಲಿದ್ದ ಇನ್ನಿಬ್ಬರು ತಾಯಂದಿರು, ಒಳ್ಳೆ ಪ್ರಶ್ನೆ ಕೇಳಿದಿರಿ ಅಂತ ನಂಬರ್ ತಗೊಂಡರು.

ಟೆಕ್ಸಾಸ್ಅಮ್ಮ
ಸೆಪ್ಟೆಂಬರ್ 9

ನಾವು ಅಕ್ಟೋಬರ್‌ನಲ್ಲಿ ಒಂದು ಪಂದ್ಯಕ್ಕೆ ಸ್ಟೇಡಿಯಂಗೇ ಹೋಗೋಣ ಅಂತಿದ್ದೇವೆ. ನಾದಿನಿ, ಅವಳ ಪುಟ್ಟ ಮಗು ಎಲ್ಲ ಬರುತ್ತಾರೆ. ಹ್ಯಾಂಡ್‌ಬ್ಯಾಗ್ ಬಿಡುವುದಿಲ್ಲ ಅಂತ ಯಾರೋ ಅಂದರು. ನಿಜವಾ? ಮಗುವಿನ ಸಾಮಾನು ಏನು ಮಾಡುವುದು?

ಮಲೆನಾಡಹುಡುಗಿ
ಸೆಪ್ಟೆಂಬರ್ 9

ನಿಜ. ಎಲ್ಲ ಎನ್‌ಎಫ್‌ಎಲ್ ಸ್ಟೇಡಿಯಂನಲ್ಲೂ ಒಂದೇ ನಿಯಮ. ಒಳಗಿರುವುದು ಕಾಣುವಂಥ ಪಾರದರ್ಶಕ ಪ್ಲಾಸ್ಟಿಕ್ ಚೀಲ ಮಾತ್ರ, 12 ಇಂಚು ಅಗಲ, 12 ಇಂಚು ಎತ್ತರ, 6 ಇಂಚು ದಪ್ಪ, ಅದಕ್ಕಿಂತ ದೊಡ್ಡದು ಬೇಡ. ಅಡುಗೆಮನೆಯಲ್ಲಿ ಫ್ರೀಝರ್‌ಗೆ ಹಾಕುವ ಒಂದು ಗ್ಯಾಲನ್ ಝಿಪ್ ಚೀಲವೂ ನಡೆಯುತ್ತದೆ. ಅದರ ಜೊತೆಗೆ ಅಂಗೈ ಅಗಲದ ಒಂದು ಸಣ್ಣ ಪರ್ಸ್ ಇಟ್ಟುಕೊಳ್ಳಬಹುದು. ಅದು ಪಾರದರ್ಶಕ ಇರಬೇಕಿಲ್ಲ. ಬಾಕಿ ಬ್ಯಾಗ್‌ಗಳನ್ನೆಲ್ಲ ಕಾರಿನಲ್ಲೇ ಬಿಟ್ಟು ಹೋಗಿ. ಗೇಟ್‌ನಿಂದ ವಾಪಸ್ ಕಳಿಸಿದರೆ ಪಾರ್ಕಿಂಗ್‌ವರೆಗೆ ನಡೆಯಬೇಕಾಗುತ್ತದೆ.

ಡೈಪರ್, ಒರೆಸುವ ಬಟ್ಟೆ, ಹಾಲಿನ ಬಾಟಲಿ ಎಲ್ಲ ಪಾರದರ್ಶಕ ಚೀಲದಲ್ಲೇ ಹಾಕಿಕೊಳ್ಳಿ. ಪ್ರತಿಯೊಬ್ಬರಿಗೂ ಒಂದು ಚೀಲ ಲೆಕ್ಕ, ಹಾಗಾಗಿ ಹಂಚಿಕೊಂಡರೆ ಸಾಕಷ್ಟು ಜಾಗ ಸಿಗುತ್ತದೆ. ಔಷಧಿ, ವೈದ್ಯಕೀಯ ಸಾಮಾನು ಇದ್ದರೆ ಗೇಟ್‌ನಲ್ಲಿ ಹೇಳಿ, ನೋಡಿ ಬಿಡುತ್ತಾರೆ. ಮಗುವಿಗೆ ಟಿಕೆಟ್ ಬೇಕಾ ಅನ್ನುವುದು ತಂಡದಿಂದ ತಂಡಕ್ಕೆ ಬೇರೆ, ಅವರ ವೆಬ್‌ಸೈಟ್‌ನಲ್ಲಿ ನೋಡಿಕೊಳ್ಳಿ. ಮಗುವಿನ ಕಿವಿಗೆ ಶಬ್ದ ತಡೆಯುವ ಹೆಡ್‌ಫೋನ್ ತಪ್ಪದೆ ಒಯ್ಯಿರಿ, ಎದುರಾಳಿಯ ಮೂರನೇ ಡೌನ್ ಹೊತ್ತಿಗೆ ಬೇಕಾಗುತ್ತದೆ. ಸ್ಟೇಡಿಯಂನಲ್ಲಿ ಹಳದಿ ಗೆರೆ ಇರುವುದಿಲ್ಲ ಅನ್ನುವುದು ನೆನಪಿರಲಿ. ಅಂಚಿನಲ್ಲಿ ಇಬ್ಬರು ಕಿತ್ತಳೆ ಬಣ್ಣದ ಕೋಲು ಹಿಡಿದು ನಿಂತಿರುತ್ತಾರೆ, ನಡುವೆ 10 ಯಾರ್ಡ್ ಸರಪಳಿ. ಮುಂದಿನ ಕೋಲು ಎಲ್ಲಿದೆಯೋ ಅಲ್ಲಿಗೆ ತಲುಪಬೇಕು.